ಆರು ಅಂಕಿಗಳ ಭೂಪಟ

ಅಂಚೆ ಕಾರ್ಡಿನ ವಿಳಾಸಭಾಗದ ಅಡಿಯಲ್ಲಿ ಮುದ್ರಿತವಾಗಿರುವ ಆರು ಚಿಕ್ಕ ಚೌಕಗಳನ್ನು ಕಾಣದವರಿಲ್ಲ. ಆದರೆ ಕಾಶ್ಮೀರದಿಂದ ಅಂಡಮಾನಿನವರೆಗೆ ಹಬ್ಬಿರುವ ಈ ವಿಶಾಲ ದೇಶವನ್ನು, ಅದರ ಒಂದೂವರೆ ಲಕ್ಷಕ್ಕೂ ಮಿಕ್ಕ ಅಂಚೆ ಕಚೇರಿಗಳ ಸಮೇತವಾಗಿ, ಆ ಆರು ಚೌಕಗಳೊಳಗೆ ಅಡಕಗೊಳಿಸಿದ ಬುದ್ಧಿಕೌಶಲವನ್ನು ಕುರಿತು ಯೋಚಿಸಿದವರು ವಿರಳ.

ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ರಾಮಪುರವಿಲ್ಲದ ಪ್ರಾಂತ್ಯವಿಲ್ಲ, ಹೊಸಹಳ್ಳಿಯಿಲ್ಲದ ಸೀಮೆಯಿಲ್ಲ. ಅದರ ಮೇಲೆ, ಬರೆಯುವವರು ತಂತಮ್ಮ ಲಿಪಿಯಲ್ಲಿ ವಿಳಾಸವನ್ನು ಬರೆಯತಕ್ಕವರು. ರೈಲಿನ ಅಂಚೆಗಾಡಿಯಲ್ಲಿ ರಾತ್ರಿಯೆಲ್ಲ ನಿಂತು ಕಾಗದಗಳನ್ನು ವಿಂಗಡಿಸುತ್ತಿದ್ದ ನೌಕರನು ಅಷ್ಟು ಲಿಪಿಗಳನ್ನೂ ಅಷ್ಟು ಊರುಗಳನ್ನೂ ಬಲ್ಲವನಾಗಿರಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಈ ತೊಡಕಿಗೆ ಪರಿಹಾರವಾಗಿ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಪದ್ಧತಿಯನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು. ಇವರು ಸಂಸ್ಕೃತದಲ್ಲಿ ಕಾವ್ಯನಾಟಕಗಳನ್ನು ರಚಿಸಿದ ಕವಿಗಳೂ ಹೌದು. ಛಂದಸ್ಸಿನಲ್ಲಿ ಮೂರು ಮೂರು ಅಕ್ಷರಗಳನ್ನು ಒಂದೊಂದು ಗಣವಾಗಿ ಎಣಿಸಿ ಬಲ್ಲವರು ದೇಶವನ್ನೂ ಮೂರು ಮೂರು ಅಂಕಿಗಳ ಎರಡು ಗಣಗಳಲ್ಲಿ ಹಿಡಿದಿಟ್ಟುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ.

ಮೊದಲ ಅಂಕಿ ದೇಶದ ವಲಯವನ್ನು ಸೂಚಿಸತಕ್ಕುದು. 1ರಿಂದ 8ರವರೆಗೆ ಎಂಟು ಭೌಗೋಳಿಕ ವಲಯಗಳು. ಕರ್ನಾಟಕ, ಆಂಧ್ರ, ತೆಲಂಗಾಣಗಳು ಐದನೆಯ ವಲಯಕ್ಕೆ ಸೇರಿದುವು. ಎರಡನೆಯ ಅಂಕಿ ಕೂಡಿದೊಡನೆ ವಲಯದೊಳಗಿನ ರಾಜ್ಯ ಗೋಚರವಾಗುತ್ತದೆ: 56ರಿಂದ 59ರವರೆಗಿನದು ನಮ್ಮ ನಾಡು. ಮೂರನೆಯ ಅಂಕಿ ವಿಂಗಡಣೆಯ ಜಿಲ್ಲೆಯನ್ನು ಹೇಳಿದರೆ, ಕೊನೆಯ ಮೂರು ಅಂಕಿಗಳು ಕಾಗದವನ್ನು ಬಟವಾಡೆ ಮಾಡತಕ್ಕ ಕಚೇರಿಯನ್ನು ಬೆರಳಿಟ್ಟು ತೋರಿಸುತ್ತವೆ. 560 001 ಎಂದರೆ ಬೆಂಗಳೂರಿನ ಪ್ರಧಾನ ಅಂಚೆ ಕಚೇರಿ. ಹಳ್ಳಿಗಳ ಶಾಖಾ ಕಚೇರಿಗಳಿಗೆ ಮಾತ್ರ ಪ್ರತ್ಯೇಕ ಸಂಖ್ಯೆಯಿಲ್ಲ. ತಮಗೆ ಅಂಚೆ ಚೀಲವನ್ನು ಕಳುಹಿಸುವ ಕಚೇರಿಯ ಸಂಖ್ಯೆಯೇ ಅವುಗಳಿಗೂ ಸಲ್ಲುತ್ತದೆ. ಕಚೇರಿಗಳು ಲಕ್ಷವನ್ನು ಮೀರಿದ್ದರೂ ಸಂಖ್ಯೆಗಳು ಸುಮಾರು ಹತ್ತೊಂಬತ್ತು ಸಾವಿರದಷ್ಟೇ ಇರುವುದಕ್ಕೆ ಇದೇ ಕಾರಣ.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದುಂಟು. ಮೇಲುನೋಟಕ್ಕೆ ಇದು ಆಡಳಿತದ ಭೂಪಟದಂತೆ ತೋರಿದರೂ ವಾಸ್ತವವಾಗಿ ಕಾಗದ ಸಾಗುವ ಹಾದಿಯ ಭೂಪಟ. ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ ಈ ನಾಲ್ಕೂ ಆಡಳಿತಕ್ಕೆ ಬೇರೆ ಬೇರೆ ಜಿಲ್ಲೆಗಳಾದರೂ ಅಂಚೆಗೆ 577 ಎಂಬ ಒಂದೇ ಮನೆಯವರು. ಹರಪನಹಳ್ಳಿಯ ವೃತ್ತಾಂತವಂತೂ ಇನ್ನೂ ಸ್ವಾರಸ್ಯವಾದುದು: ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸದಾಗಿ ರಚಿತವಾದ ವಿಜಯನಗರ ಜಿಲ್ಲೆಯ ಭಾಗವಾಯಿತು, ಇಷ್ಟೆಲ್ಲ ನಡೆದರೂ ಅದರ 583 131 ಎಂಬ ಸಂಖ್ಯೆ ಕದಲಲಿಲ್ಲ. ಪುದುಚೇರಿಯ ಆಡಳಿತಕ್ಕೆ ಒಳಪಟ್ಟ ಮಾಹೆ ಕೇರಳದ ಕರಾವಳಿಯಲ್ಲಿರುವುದರಿಂದ ನೆರೆಯ ಕೇರಳದ 673ನ್ನೂ, ಯಾನಂ ಗೋದಾವರಿಯ ತೀರದಲ್ಲಿರುವುದರಿಂದ ಆಂಧ್ರದ 533ನ್ನೂ ಧರಿಸಿವೆ. ಲಕ್ಷದ್ವೀಪಕ್ಕೆ ಕೊಚ್ಚಿಯ 682.

ಒಂಬತ್ತನೆಯ ವಲಯಕ್ಕೆ ಭೂಮಿಯೇ ಇಲ್ಲ. ಅದು ಸೇನೆಯ ಅಂಚೆಗೆ ಮೀಸಲು. ಕೊಡಗಿನ ತಾಯಿಯೊಬ್ಬಳು ಗಡಿಯಲ್ಲಿರುವ ಮಗನಿಗೆ ಬರೆಯುವ ಕಾಗದದ ಮೇಲೆ ಊರಿನ ಹೆಸರಿರುವುದಿಲ್ಲ; ಅವನ ದಳದ ಹೆಸರು, 56 ಎ.ಪಿ.ಓ. ಅಥವಾ 99 ಎ.ಪಿ.ಓ. ಎಂಬ ಗುರುತು, ಒಂಬತ್ತರಿಂದ ಮೊದಲಾಗುವ ಸಂಖ್ಯೆ, ಇಷ್ಟೇ. ಉಳಿದ ಸಂಖ್ಯೆಗಳು ಸ್ಥಳವನ್ನು ಪ್ರಕಟಿಸುವುದಕ್ಕಾಗಿ ಇದ್ದರೆ, ಇದು ಸ್ಥಳವನ್ನು ಮರೆಸಿಯೂ ಕಾಗದವನ್ನು ಮುಟ್ಟಿಸುತ್ತದೆ. ಈ ಪದ್ಧತಿಯಲ್ಲಿ ನನ್ನ ಮನಸ್ಸನ್ನು ಅತ್ಯಂತ ತಟ್ಟಿದ ಅಂಶ ಇದೇ.

2025ರಲ್ಲಿ ಅಂಚೆ ಇಲಾಖೆಯು ಡಿಜಿಪಿನ್ ಎಂಬ ಹತ್ತು ಚಿಹ್ನೆಗಳ ಗುರುತನ್ನು ಪ್ರಕಟಿಸಿ, ದೇಶವನ್ನು ಸುಮಾರು ನಾಲ್ಕು ಮೀಟರ್ ಅಳತೆಯ ಚೌಕಗಳಾಗಿ ವಿಭಜಿಸಿದೆ. ಅದು ಅಕ್ಷಾಂಶ ರೇಖಾಂಶಗಳ ಲೆಕ್ಕ. ಬಟವಾಡೆಯ ಕಚೇರಿಯನ್ನು ಹೇಳುವ ಕೆಲಸ ಇಂದಿಗೂ ಪಿನ್ ಕೋಡಿನದೇ.

ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ: ಈ ಅಂಕಿಗಳನ್ನು ಅವಸರದಲ್ಲಿ ಗೀಚದೆ ಸ್ಫುಟವಾಗಿ ಬರೆಯಿರಿ. ಚಿತ್ರದುರ್ಗದ 577 501ರಲ್ಲಿ ಎರಡನೆಯ ಅಂಕಿಯಾದ ಏಳು ಒಂದರಂತೆ ಕಂಡಿತೆಂದರೆ ಅದು 517 501 ಆಗುತ್ತದೆ; ಅದು ತಿರುಪತಿಯ ಸಂಖ್ಯೆ.