ಅರೆಮನಸ್ಸೂ ಪೂರ್ಣಮನಸ್ಸೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಶಾಲೆಗೆ ಬಂದಾಗ ಒಂದು ಪ್ರಶ್ನೆಯನ್ನು ಕೇಳುವುದುಂಟು: “ನಾವು ದೀಕ್ಷಾಸ್ನಾನ ಹೊಂದಿದ್ದೇವೆ, ಆದಿತ್ಯವಾರ ತಪ್ಪದೆ ದೇವಾಲಯಕ್ಕೆ ಹೋಗುತ್ತೇವೆ, ಕೈಲಾದಷ್ಟು ಕಾಣಿಕೆ ಕೊಡುತ್ತೇವೆ, ಇನ್ನೇನು ಬೇಕು?” ಪ್ರಶ್ನೆಯಲ್ಲಿ ಕಪಟವಿಲ್ಲ. ಮನೆ, ಮಕ್ಕಳು, ಉದ್ಯೋಗಗಳ ನಡುವೆ ನಿಂತು ಕೇಳುವ ಮಾತು ಅದು. ಕ್ರಿಸ್ತನಿಗೆ ಪೂರ್ಣಮನಸ್ಸಿನಿಂದ ಒಪ್ಪಿಸಿಕೊಡುವುದೆಂದರೆ ಸಭೆಯಲ್ಲಿ ಕಣ್ಣೀರು ಸುರಿಸುವುದೆಂದು ಕೆಲವರು ತಿಳಿಯುತ್ತಾರೆ. ಮನೆಬಿಟ್ಟು ದೂರದೇಶಕ್ಕೆ ಹೋಗುವುದೆಂದು ಬೇರೆ ಕೆಲವರು. ಎರಡೂ ಪೂರ್ತಿ ಸರಿಯಲ್ಲ. ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಬಲ್ಲೆವು. ಅಲ್ಲಿ ಕರ್ತನು ಲೆಕ್ಕಮಾಡಿದ್ದು ಕೊಟ್ಟದ್ದೆಷ್ಟೆಂಬುದನ್ನಲ್ಲ, ಉಳಿಸಿಕೊಂಡದ್ದೆಷ್ಟೆಂಬುದನ್ನು. ಇದು ಹೇಗೆ ಒಂದು ಬಾಳಿನಲ್ಲಿ ನಡೆಯಿತೆಂಬುದನ್ನು ತಿಳಿಯುವುದಕ್ಕೆ ನಮ್ಮ ನಾಡಿನಲ್ಲಿಯೇ ಹುಟ್ಟಿದ ಪಂಡಿತಾ ರಮಾಬಾಯಿಯವರನ್ನು ನೋಡಬಹುದು.

ರಮಾಬಾಯಿಯವರು 1858ರಲ್ಲಿ ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ಹೆಂಗಸಿಗೆ ಸಂಸ್ಕೃತ ಕೂಡದೆಂಬ ಕಾಲದಲ್ಲಿ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಹೆಂಡತಿಗೆ ಅದನ್ನು ಕಲಿಸಿದರು. ತಾಯಿ ಮಗಳಿಗೆ ಕಲಿಸಿದಳು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಗತಿಸಿದರು. 1878ರಲ್ಲಿ ಕಲ್ಕತ್ತೆಯ ಪಂಡಿತರು ಈ ಅನಾಥ ಯುವತಿಗೆ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ, 1882ರಲ್ಲಿ, ಪತಿ ತೀರಿಕೊಂಡರು. ಕೈಯಲ್ಲಿ ಹಸುಗೂಸು ಮನೋರಮಾ ಉಳಿದಳು.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಕಥೆ ಇಲ್ಲಿಗೆ ಮುಗಿಯಿತೆಂದು ನಾವು ಎಣಿಸಬಹುದು. ಅವರು ಹಾಗೆ ಎಣಿಸಲಿಲ್ಲ. ಸುಮಾರು ಎಂಟು ವರ್ಷಗಳ ತರುವಾಯ, ವಿಲಿಯಂ ಹ್ಯಾಸ್ಲಮ್ ಎಂಬ ಪಾದ್ರಿಯ ಜೀವನವೃತ್ತಾಂತವನ್ನು ಓದುತ್ತಿದ್ದಾಗ, ಪ್ರಸಂಗಪೀಠದಲ್ಲಿ ನಿಂತಿದ್ದ ಪಾದ್ರಿಯೇ ತನ್ನ ಮಾತಿನಿಂದಲೇ ಮನಮುಟ್ಟಿ ತಿರುಗಿಕೊಂಡ ಸಂಗತಿಯು ಅವರನ್ನು ತಡೆದು ನಿಲ್ಲಿಸಿತು. ತಾವು ಕ್ರೈಸ್ತ ಮತವನ್ನು ಕಂಡಿದ್ದರೂ ಕ್ರಿಸ್ತನನ್ನೇ ಕಂಡಿರಲಿಲ್ಲವೆಂದು ಮುಂದೆ ತಮ್ಮ ಸಾಕ್ಷ್ಯದಲ್ಲಿ ಒಪ್ಪಿಕೊಂಡರು. ಲೋಕಪ್ರಸಿದ್ಧರಾದ ವಿದುಷಿಯೊಬ್ಬರು ಹೀಗೆ ಬರೆಯುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು ಓದುಗರು ಆಲೋಚಿಸಲಿ.

ಪೂರ್ಣಮನಸ್ಸೆಂದರೆ ಬುದ್ಧಿಯನ್ನು ಮೂಲೆಗಿಡುವುದೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನಲ್ಲಿ ತಮಗೆ ಉಪಕಾರಮಾಡಿದ ಸಹೋದರಿಯರೊಡನೆಯೇ ಅವರು ತತ್ತ್ವವಿಷಯಗಳಲ್ಲಿ ಬಿಡದೆ ವಾದಿಸಿದರು. ಮನುಷ್ಯರ ಅಪ್ಪಣೆಗೆ ತಲೆಬಾಗುವುದು ಬೇರೆ, ಕರ್ತನಿಗೆ ಅಧೀನರಾಗುವುದು ಬೇರೆ. ನಮ್ಮ ಹೆಣ್ಣುಮಕ್ಕಳಿಗೆ ಈ ಭೇದವನ್ನು ಮರೆಸುವ ಉಪದೇಶಗಳು ಇಂದಿಗೂ ಕಡಮೆಯಿಲ್ಲವೆಂದು ಇಲ್ಲಿ ಹೇಳಿದರೆ ತಪ್ಪಾಗಲಾರದು.

ಬೆಲೆ ತೆರುವ ಕಾಲವು ಬೇಗನೆ ಬಂದಿತು. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾಸದನವು ಪುಣೆಗೆ ಬಂದಿತ್ತು. ಅಲ್ಲಿ ಮತಬೋಧನೆ ಇರಲಾರದೆಂಬುದು ಒಪ್ಪಂದ. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂಡತೊಡಗಿದರು. ಊರಲ್ಲಿ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಾಂಡಾರ್ಕರರಂಥ ಹಿತೈಷಿಗಳು ಸಲಹಾಮಂಡಲಿಯಿಂದ ಹಿಂದೆಸರಿದರು. ಅನೇಕ ಹುಡುಗಿಯರನ್ನು ಪೋಷಕರು ಕರೆದೊಯ್ದರು. ಒಪ್ಪಂದವನ್ನು ನಂಬಿದ್ದ ಆ ಸಜ್ಜನರ ನೋವನ್ನೂ ನಾವು ಹಗುರಾಗಿ ಕಾಣಲಾರೆವು. ಬಾಗಿಲೊಂದನ್ನು ಮುಚ್ಚಿದ್ದರೆ ಸದನ ತುಂಬಿರುತ್ತಿತ್ತು. ಅದನ್ನು ಅವರು ಮುಚ್ಚಲಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರಗಾಲ ಬಿದ್ದಿತು. ತಾವೇ ಹಸಿದು ಅಲೆದ ದಿನಗಳು ಅವರ ನೆನಪಿಗೆ ಬಂದಿರಬೇಕು. ಕೈಯಲ್ಲಿ ಹಣವಿಲ್ಲದೆ ಹೊರಟು, ನೂರಾರು ಹುಡುಗಿಯರನ್ನು ಕರೆತಂದು ಪುಣೆಯ ಆಚೆ ಕೇಡಗಾಂವದ ಹೊಲದಲ್ಲಿ ನೆಲೆಗೊಳಿಸಿದರು. ಅದೇ ಮುಕ್ತಿ. 1900ರ ಗುಜರಾತಿನ ಕ್ಷಾಮದ ಮೇಲೆ ಅಲ್ಲಿನ ಸಂಖ್ಯೆ ಸಾವಿರವನ್ನು ದಾಟಿತು. ಅಷ್ಟು ಜನರಿಗೆ ಎರಡು ಹೊತ್ತಿನ ಅಡಿಗೆ, ಬಟ್ಟೆ, ಬಾವಿಯ ನೀರು, ರೋಗಿಗಳ ಆರೈಕೆ. ನೇಯ್ಗೆ, ಬೇಸಾಯ, ಅಚ್ಚುಕೂಟದ ಕೆಲಸಗಳ ಕಲಿಕೆ. ಮನೋರಮಾಬಾಯಿಯವರು ಅಂಧರಿಗೆ ಬ್ರೇಲ್ ಲಿಪಿಯನ್ನು ಕಲಿಸಿದರು. ಸಮರ್ಪಣೆಯೆಂಬ ದೊಡ್ಡ ಮಾತಿನ ಬಹುಭಾಗ ಹೀಗೆ ಹಿಟ್ಟು, ಬೇಳೆ, ಸೌದೆಗಳ ಲೆಕ್ಕದಲ್ಲಿಯೇ ಕಳೆಯುತ್ತದೆ. ಮನೆ ನಡೆಸುವ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. 1912ರಲ್ಲಿ ಕಲಬುರಗಿಯಲ್ಲಿ ಶಾಲೆಯೊಂದನ್ನು ತೆರೆದು ಮಗಳಿಗೆ ಒಪ್ಪಿಸಿದ್ದರಿಂದ ಅವರ ಸೇವೆ ಕನ್ನಡನಾಡಿಗೂ ಸಂದಿತು.

ಇಷ್ಟರ ನಡುವೆಯೂ ಇನ್ನೊಂದು ಕೆಲಸವನ್ನು ಹೊತ್ತುಕೊಂಡರು. ಆಗಿದ್ದ ಮರಾಠಿ ಸತ್ಯವೇದದ ಭಾಷೆ ಹಳ್ಳಿಯ ಹೆಂಗಸರಿಗೆ ತಿಳಿಯದು. ಆದಕಾರಣ ಹೀಬ್ರೂ, ಗ್ರೀಕ್ ಭಾಷೆಗಳನ್ನು ಹಿಡಿದು, ಇಡೀ ಗ್ರಂಥವನ್ನು ಸುಲಭ ಮರಾಠಿಗೆ ತರತೊಡಗಿದರು. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚಿನ ಮೊಳೆ ಜೋಡಿಸಿ ಅದನ್ನು ಮುದ್ರಿಸಿದರು. 1921ರಲ್ಲಿ ಮನೋರಮಾಬಾಯಿ ತಾಯಿಗಿಂತ ಮುಂಚೆ ತೀರಿಕೊಂಡರು. ರಮಾಬಾಯಿಯವರಿಗೆ ಆಗ ಅರುವತ್ತಮೂರು ವರ್ಷ, ಕಿವಿ ಮಂದವಾಗಿತ್ತು. ಕರಡಚ್ಚಿನ ಹಾಳೆಗಳು ಮುಂದಿದ್ದವು, ತಿದ್ದುತ್ತಾ ಹೋದರು. 1922ರ ಏಪ್ರಿಲ್ 5ರಂದು ಅವರೂ ಕರ್ತನ ಬಳಿಗೆ ಹೋದರು. ಇಡೀ ಸತ್ಯವೇದವು ಮುಕ್ತಿಯ ಅಚ್ಚುಕೂಟದಿಂದ 1924ರಲ್ಲಿ ಹೊರಬಂದಿತು.