ಇಪ್ಪತ್ತೊಂಬತ್ತರ ಹುಡುಗರು

ಅಮೆರಿಕದ ಹಳೆಯ ವಿದ್ಯಾಪೀಠಗಳಲ್ಲಿ ಒಂದೇ ವರ್ಷ ಪದವಿ ಪಡೆದು ಹೊರಬಿದ್ದವರೆಲ್ಲ ಬದುಕಿರುವಷ್ಟು ಕಾಲವೂ ಒಂದು ಮನೆತನದವರಂತೆ ನಡೆದುಕೊಳ್ಳುವ ಪದ್ಧತಿಯೊಂದುಂಟು. ಪದವಿಯ ವರ್ಷವೇ ಅವರ ಕುಲನಾಮ, ವರ್ಷಕ್ಕೊಮ್ಮೆ ಕೂಡುವ ಭೋಜನಕೂಟವೇ ಅವರ ಕುಲೋತ್ಸವ. ಈ ಪದ್ಧತಿಗೆ ಸಾಹಿತ್ಯದಲ್ಲಿ ಒಂದು ನೆಲೆಯನ್ನು ಕಲ್ಪಿಸಿಕೊಟ್ಟವರು ಹಾರ್ವರ್ಡಿನ 1829ನೆಯ ಇಸವಿಯ ವರ್ಗಕ್ಕೆ ಸೇರಿದ ವೈದ್ಯ ಆಲಿವರ್ ವೆಂಡೆಲ್ ಹೋಮ್ಸರು.

ಪ್ಯಾರಿಸಿನ ಆಸ್ಪತ್ರೆಗಳಲ್ಲಿ ಕಲಿತು ಬಂದ ಹೋಮ್ಸರು 1847ರಿಂದ 1882ರವರೆಗೆ ಹಾರ್ವರ್ಡಿನ ವೈದ್ಯಶಾಲೆಯಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿದರು. ಬೆಳಗಿನಿಂದ ಉಪನ್ಯಾಸ ಕೇಳಿ ಕೇಳಿ ಬಳಲಿ, ಹಸಿದು, ತೂಕಡಿಸುವ ಶಿಷ್ಯರನ್ನು ಎಚ್ಚರವಾಗಿರಿಸಬಲ್ಲವರು ಇವರೊಬ್ಬರೇ ಎಂದು ಮಧ್ಯಾಹ್ನ ಒಂದು ಗಂಟೆಯ ಪಾಠವನ್ನು ಇವರಿಗೇ ಗಂಟುಹಾಕಿದ್ದರಂತೆ. ಅದಕ್ಕೂ ಮೊದಲೇ, 1843ರಲ್ಲಿ, ಬಾಣಂತಿಯರನ್ನು ಕೊಲ್ಲುವ ಜ್ವರವು ವೈದ್ಯರ ಮೂಲಕವೇ ಒಬ್ಬಳಿಂದ ಮತ್ತೊಬ್ಬಳಿಗೆ ಹರಡುತ್ತದೆಂದು ಸಾಧಾರವಾಗಿ ಬರೆದು, ಪ್ರಸೂತಿವಿದ್ಯೆಯಲ್ಲಿ ಹೆಸರಾಂತ ಹಿರಿಯರ ಕೋಪಕ್ಕೂ ಗುರಿಯಾಗಿದ್ದರು. ಇಂತಹ ನಿಷ್ಠುರ ಬುದ್ಧಿಯ ಮನುಷ್ಯನು ಹಳೆಯ ಸಹಪಾಠಿಗಳ ನಡುವೆ ಮಾತ್ರ ಕರಗಿಹೋಗುತ್ತಿದ್ದನೆಂಬುದೇ ವಿಶೇಷ.

1851ರಿಂದ 1889ರವರೆಗೆ, ಬಹುತೇಕ ಪ್ರತಿವರ್ಷವೂ, ವರ್ಗದ ಕೂಟಕ್ಕೆಂದೇ ಅವರು ಕವಿತೆ ರಚಿಸಿ ಒಯ್ದರು. ಅವುಗಳಲ್ಲಿ ಎಷ್ಟೋ ಆ ಸಂಜೆಗಷ್ಟೇ ಸಲ್ಲುವಂಥವು; ಹೊರಗಿನವರಿಗೆ ಬೇಸರವೂ ಬಂದೀತು. ಆದರೆ 1859ರಲ್ಲಿ, ಎಲ್ಲರಿಗೂ ಐವತ್ತರ ಆಸುಪಾಸಾಗಿದ್ದಾಗ ಓದಿದ ‘ದಿ ಬಾಯ್ಸ್’ ಎಂಬ ಪದ್ಯ ಆ ಮಾತಿಗೆ ಅಪವಾದ. ಗುಲಾಮಗಿರಿಗೆ ಸಂಬಂಧಿಸಿದ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಕರ್ಟಿಸ್, ಗಣಿತಜ್ಞ ಪಿಯರ್ಸ್, ಧರ್ಮೋಪದೇಶಕ ಕ್ಲಾರ್ಕ್ ಮೊದಲಾದ ಘನವಂತರಿದ್ದ ಆ ವರ್ಗಕ್ಕೆ, ನೀವೆಲ್ಲ ಇನ್ನೂ ಹುಡುಗರೇ, ಈ ಪದವಿ ಬಿರುದುಗಳೆಲ್ಲ ಕೇವಲ ತಮಾಷೆಗೆ ಇಟ್ಟುಕೊಂಡ ಅಡ್ಡಹೆಸರುಗಳು ಎಂದು ಅದು ಸಾರುತ್ತದೆ. ನಾಡಿನ ಮಕ್ಕಳೆಲ್ಲ ಹಾಡುವ ದೇಶಭಕ್ತಿಗೀತೆಯನ್ನು ಬರೆದ ಸ್ಯಾಮ್ಯುಯೆಲ್ ಸ್ಮಿತ್ತರನ್ನಂತೂ, ಅವರ ಸರ್ವಸಾಮಾನ್ಯವಾದ ಹೆಸರನ್ನೇ ಹಿಡಿದು, ಅಲ್ಲಿ ಚೆನ್ನಾಗಿ ಗೇಲಿಮಾಡಿದ್ದಾರೆ.

ಕಾಲಕ್ರಮದಲ್ಲಿ ಕೂಟಕ್ಕೆ ಬರುವವರು ವಿರಳರಾದರು; ವಿನೋದಕ್ಕೆಂದು ಆರಂಭವಾದ ಪದ್ಯಗಳಲ್ಲಿ ಅಗಲಿದವರ ಸ್ಮರಣೆಯೇ ಹೆಚ್ಚುತ್ತ ಬಂದಿತು. ಅಂಗಾಂಗಗಳ ಕ್ಷಯವನ್ನು ಜೀವಮಾನವೆಲ್ಲ ಪಾಠಹೇಳಿದ ವೈದ್ಯನಿಗೆ ಈ ಲೆಕ್ಕ ಅನಿರೀಕ್ಷಿತವೇನೂ ಆಗಿರಲಾರದು; ಆದರೂ ಕೇಳುವವರಿರುವಷ್ಟು ದಿನ ಬರೆಯುವುದನ್ನು ಬಿಡಲಿಲ್ಲ. 1889ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಕೊನೆಯ ಪದ್ಯವನ್ನು ಬರೆದು ವಿದಾಯ ಹೇಳಿದರು. ಅವರು ತೀರಿಕೊಂಡದ್ದು 1894ರಲ್ಲಿ. ಗೇಲಿಗೊಳಗಾದ ಸ್ಮಿತ್ತರು ಅವರಿಗಿಂತ ಒಂದು ವರ್ಷ ಹೆಚ್ಚಾಗಿಯೇ ಬದುಕಿದರು.