ಡೈಸಿ ಪ್ಲೇಯರ್: ಅಂಧ ವಿದ್ಯಾರ್ಥಿಯ ಕೈಗೊಂದು ಪಠ್ಯಪುಸ್ತಕ

ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿ ದಿನಕ್ಕೆ ಹತ್ತು ಸಲ ಹೇಳುವ ಮಾತು: “ಮಕ್ಕಳೇ, 42ನೇ ಪುಟ ತೆಗೆಯಿರಿ.” ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಂತಹ ಹೋಬಳಿ ಕೇಂದ್ರದ ಪ್ರೌಢಶಾಲೆಯಲ್ಲಿ ನಲವತ್ತು ಮಕ್ಕಳ ನಡುವೆ ಒಬ್ಬ ಅಂಧ ವಿದ್ಯಾರ್ಥಿನಿ ಕುಳಿತಿದ್ದಾಳೆಂದು ಊಹಿಸಿಕೊಳ್ಳಿ. ಆ ಮಾತು ಕೇಳಿದಾಗ ಆಕೆ ಏನು ಮಾಡಬೇಕು? ಸಾಮಾನ್ಯವಾಗಿ ನಾವು ಪಕ್ಕದವಳಿಗೆ “ಅವಳಿಗೂ ಓದಿ ಹೇಳಮ್ಮ” ಎಂದು ಸುಮ್ಮನಾಗುತ್ತೇವೆ. ಅಂದಿನಿಂದ ಆಕೆಯ ಓದು ಗೆಳತಿಯ ಬಿಡುವಿಗೆ ಕಾಯುತ್ತದೆ. ಈ ಕಾಯುವಿಕೆಯನ್ನು ತಪ್ಪಿಸಬಲ್ಲ ಸಾಧನವೇ ಡೈಸಿ ಪ್ಲೇಯರ್.

ಸಾಧನದ ಸ್ವರೂಪ

ಇದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ. ವಿಕ್ಟರ್ ರೀಡರ್ ಸ್ಟ್ರೀಮ್, ಪ್ಲೆಕ್ಸ್‌ಟಾಕ್ ಇವು ಪರಿಚಿತ ಮಾದರಿಗಳು. ಹಳೆಯ ಮೊಬೈಲ್‌ನಂತೆ ಇದರಲ್ಲಿ ಉಬ್ಬಿದ ಅಂಕಿಗುಂಡಿಗಳಿರುತ್ತವೆ. ಪುಸ್ತಕಗಳು ಮೆಮೊರಿ ಕಾರ್ಡಿನಲ್ಲಿರುತ್ತವೆ. ಓದಿನ ವೇಗವನ್ನು ಹೆಚ್ಚಿಸಬಹುದು, ತಗ್ಗಿಸಬಹುದು. ಬೇಕಾದಲ್ಲಿ ಗುರುತು ಇಡಬಹುದು. ನಿಲ್ಲಿಸಿದ ಕಡೆಯಿಂದಲೇ ಮತ್ತೆ ಆರಂಭಿಸಬಹುದು. ಸೆಕೆಂಡಿಗೆ 64 ಕಿಲೋಬಿಟ್ ಗುಣಮಟ್ಟದ ಧ್ವನಿಗೆ ಗಂಟೆಯೊಂದಕ್ಕೆ ಸುಮಾರು 29 ಎಂಬಿ ಜಾಗ ಬೇಕು. ಆ ಲೆಕ್ಕದಲ್ಲಿ 4 ಜಿಬಿ ಕಾರ್ಡಿನಲ್ಲಿ 130 ಗಂಟೆಗೂ ಹೆಚ್ಚಿನ ಓದು ಹಿಡಿಯುತ್ತದೆ.

ಕ್ಯಾಸೆಟ್‌ಗಿಂತ ಹೇಗೆ ಭಿನ್ನ?

ಕ್ಯಾಸೆಟ್ಟಿನಲ್ಲಿ ಒಂದು ಪ್ಯಾರಾ ಹುಡುಕಬೇಕಾದರೆ ಹಿಂದೆ ಮುಂದೆ ಓಡಿಸುತ್ತಲೇ ಇರಬೇಕಿತ್ತು. ಈ ತೊಡಕನ್ನು ನಿವಾರಿಸಲು ಮಾತನಾಡುವ ಪುಸ್ತಕಗಳ ಗ್ರಂಥಾಲಯಗಳು ಸೇರಿ 1996ರಲ್ಲಿ ಡೈಸಿ ಒಕ್ಕೂಟವನ್ನು ರಚಿಸಿಕೊಂಡವು. ಡೈಸಿ ಪುಸ್ತಕದಲ್ಲಿ ಧ್ವನಿಯ ಜೊತೆಗೆ ಅಧ್ಯಾಯ, ಉಪಶೀರ್ಷಿಕೆ ಮತ್ತು ಪುಟಗಳ ಸೂಚಿಯೂ ಇರುತ್ತದೆ. 2 ಮತ್ತು 8ರ ಗುಂಡಿಗಳಿಂದ ಯಾವ ಹಂತದಲ್ಲಿ ಚಲಿಸಬೇಕೆಂದು ಆರಿಸಿ, 4 ಮತ್ತು 6ರಿಂದ ಹಿಂದಕ್ಕೆ, ಮುಂದಕ್ಕೆ ಹೋಗಬಹುದು. ಹೊಯ್ಸಳರ ಪಾಠದಲ್ಲಿ “ಆಡಳಿತ” ಬಿಟ್ಟು ನೇರವಾಗಿ “ವಾಸ್ತುಶಿಲ್ಪ”ಕ್ಕೆ ಹೋಗುವುದು ಒಂದೆರಡು ಒತ್ತುಗಳ ಕೆಲಸ. ಪುಟಸಂಖ್ಯೆ ಒತ್ತಿದರೆ ಆ ಪುಟವೇ ತೆರೆದುಕೊಳ್ಳುತ್ತದೆ.

ಪುಸ್ತಕ ಎಲ್ಲಿಂದ?

24 ಆಗಸ್ಟ್ 2016ರಂದು ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಮುದ್ರಣ ಓದಲಾಗದವರಿಗೆ ಮೀಸಲಾದ ಅಂತರಜಾಲ ಗ್ರಂಥಾಲಯ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ ಮಾತನಾಡುವ ಪುಸ್ತಕಗಳ ಗ್ರಂಥಾಲಯವನ್ನು ನಡೆಸುತ್ತಿದೆ. ಬೇಕಾದ ಪಾಠ ಎಲ್ಲಿಯೂ ಸಿಗದಿದ್ದರೆ ನಾವೇ ತಯಾರಿಸಬಹುದು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆ, ಅಂಗವಿಕಲರ ಖಾಸಗಿ ಓದಿಗೆ, ಶಿಕ್ಷಣಕ್ಕೆ ಇಂತಹ ಪ್ರತಿ ಮಾಡಲು ಅವಕಾಶ ನೀಡುತ್ತದೆ. ಡೈಸಿ ಒಕ್ಕೂಟದ ‘ಒಬಿ’ ಎಂಬ ಉಚಿತ ತಂತ್ರಾಂಶ ಮತ್ತು ಒಂದು ಮೈಕ್ ಇದ್ದರೆ ಕಂಪ್ಯೂಟರಿನಲ್ಲೇ ಧ್ವನಿಮುದ್ರಣ ಸಾಧ್ಯ.

ಧ್ವನಿಮುದ್ರಣ ಮಾಡುವಾಗ

1. ಮುದ್ರಿತ ಪುಸ್ತಕದ ಪುಟಸಂಖ್ಯೆಯನ್ನೇ ಅದೇ ಸ್ಥಳದಲ್ಲಿ ಗುರುತಿಸಿ. ಇದು ತಪ್ಪಿದರೆ ತರಗತಿಯೊಂದು ಪುಟದಲ್ಲಿ, ಆಕೆಯೊಂದು ಪುಟದಲ್ಲಿ.

2. ಪ್ರತಿ ಉಪಶೀರ್ಷಿಕೆಗೂ, ಅಭ್ಯಾಸದ ಪ್ರತಿ ಪ್ರಶ್ನೆಗೂ ಪ್ರತ್ಯೇಕ ಗುರುತು ಕೊಡಿ.

3. “ಚಿತ್ರ ನೋಡಿ” ಎಂದಷ್ಟೇ ಓದಿ ಮುಂದೆ ಹೋಗಬೇಡಿ. ಹಳೇಬೀಡಿನ ದೇವಾಲಯದ ಚಿತ್ರವಿದ್ದರೆ ನಕ್ಷತ್ರಾಕಾರದ ಜಗತಿಯನ್ನು, ಗೋಡೆಯ ಬುಡದಲ್ಲಿ ಸಾಲಾಗಿ ನಡೆದ ಆನೆಗಳನ್ನು ಎರಡು ಮೂರು ವಾಕ್ಯಗಳಲ್ಲಿ ವರ್ಣಿಸಿ.

ಪಾಠಯೋಜನೆಯಲ್ಲಿ ಸ್ಥಾನ

ಪಾಠಯೋಜನೆಯ ಬೋಧನೋಪಕರಣಗಳ ಪಟ್ಟಿಯಲ್ಲಿ ಹೆಸರು ಬರೆದರೆ ಸಾಲದು. ಹಿಂದಿನ ದಿನವೇ ಪಾಠವನ್ನು ಕಾರ್ಡಿಗೆ ಹಾಕಿ ಬ್ಯಾಟರಿ ಪರೀಕ್ಷಿಸಿ. ಇಯರ್‌ಫೋನ್ ಒಂದೇ ಕಿವಿಗೆ ಇರಲಿ. ಇನ್ನೊಂದು ಕಿವಿ ನಿಮ್ಮ ಮಾತಿಗೆ ಬೇಕು. ಪುಟ ಹೇಳಿದ ಮೇಲೆ ಆಕೆ ತಾನೇ ಅಲ್ಲಿಗೆ ತಲುಪುವವರೆಗೆ ಕಾಯಿರಿ. ಆತುರಕ್ಕೆ ನೀವೇ ಗುಂಡಿ ಒತ್ತಿಕೊಟ್ಟರೆ ಆಕೆ ಮತ್ತೆ ಕಾಯುವವಳೇ ಆಗುತ್ತಾಳೆ. ಉಳಿದವರ ಮೌನವಾಚನದ ಹೊತ್ತಿನಲ್ಲಿ ಆಕೆಯೂ ಓದಲಿ. ನಂತರದ ಪ್ರಶ್ನೆಗಳಲ್ಲಿ ಒಂದು ಆಕೆಗೂ ಇರಲಿ.

ಮಿತಿ

ಕೇಳಿದ ಮಾತ್ರಕ್ಕೆ ಕಾಗುಣಿತ ಬರುವುದಿಲ್ಲ. ನಮ್ಮ ಕಡೆಯ ಆಡುಮಾತಿನಲ್ಲಿ ‘ಹ’ಕಾರ ಜಾರುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ‘ಹಕ್ಕಿ’ಯೋ ‘ಅಕ್ಕಿ’ಯೋ ಎಂಬುದನ್ನು ಬೆರಳು ಬ್ರೈಲ್ ಚುಕ್ಕಿಗಳಲ್ಲಿ ಮುಟ್ಟಿ ತಿಳಿಯಬೇಕು. ಗಣಿತಕ್ಕಂತೂ ಬ್ರೈಲ್ ಅನಿವಾರ್ಯ. ಆದ್ದರಿಂದ ಪ್ಲೇಯರ್ ಬಂದಿತೆಂದು ಬ್ರೈಲ್ ಕೈಬಿಡುವುದು ಮಗುವಿಗೆ ಮಾಡುವ ಅನ್ಯಾಯ.

ಬೋಧನಾಭ್ಯಾಸ ಕೆಲವೇ ವಾರಗಳದ್ದು. ನಾವು ಅಂಟಿಸಿದ ಚಾರ್ಟ್ ಬಣ್ಣಗೆಡುತ್ತದೆ. ಒಬ್ಬೊಬ್ಬ ಪ್ರಶಿಕ್ಷಣಾರ್ಥಿಯೂ ತಾನು ಬೋಧಿಸುವ ಒಂದು ಪಾಠವನ್ನು ಹೀಗೆ ಓದಿಟ್ಟು ಬಂದರೆ, ಪರೀಕ್ಷೆಯ ಹಿಂದಿನ ರಾತ್ರಿ ಆ ವಿದ್ಯಾರ್ಥಿನಿ ಯಾರನ್ನೂ ಕರೆಯದೆ 42ನೇ ಪುಟ ತೆರೆಯಬಲ್ಲಳು.